ಕೋತಿಯ ಕೈಯೂ ಮನುಷ್ಯನ ಸ್ವಾವಲಂಬನೆಯೂ

ಕತ್ತಿನಿಂದ ಕೆಳಗೆ ದೇಹವೆಲ್ಲ ನಿಶ್ಚಲವಾದವರ ಕಷ್ಟವನ್ನು ನೆನೆದಾಗ ನಮ್ಮ ಕಣ್ಣಿಗೆ ಗಾಲಿಕುರ್ಚಿಯೊಂದೇ ಕಾಣುತ್ತದೆ. ಆದರೆ ಕೆಳಗೆ ಬಿದ್ದ ಕನ್ನಡಕವನ್ನು ಎತ್ತಿಕೊಳ್ಳಲು, ಪುಸ್ತಕದ ಹಾಳೆ ಮಗುಚಲು, ಮೂಗಿನ ಮೇಲಿನ ತುರಿಕೆಗೂ ಇನ್ನೊಬ್ಬರನ್ನು ಕೂಗಬೇಕಾದ ಪರಾಧೀನತೆಯೇ ಅದಕ್ಕಿಂತ ದೊಡ್ಡ ಕಷ್ಟವೆಂದು ನಾನು ತಿಳಿದಿದ್ದೇನೆ.

ಈ ಕಷ್ಟಕ್ಕೆ ಅಮೆರಿಕದ ಬಾಸ್ಟನ್ ನಗರದಲ್ಲಿ 1979ರಲ್ಲಿ ವಿಚಿತ್ರವಾದೊಂದು ಪರಿಹಾರ ಹುಟ್ಟಿತು. ಮನೋವಿಜ್ಞಾನಿ ಮೇರಿ ಜೋನ್ ವಿಲಾರ್ಡ್ ಅವರು ಕ್ಯಾಪುಚಿನ್ ಎಂಬ ಪುಟ್ಟ ಕೋತಿಗಳಿಗೆ ಮನೆಗೆಲಸ ಕಲಿಸಿ, ಇಂಥವರ ಮನೆಗೆ ಕಳುಹಿಸತೊಡಗಿದರು. ಆಕೆ ಬಿ. ಎಫ್. ಸ್ಕಿನ್ನರ್ ಅವರೊಡನೆ ಕೆಲಸ ಮಾಡಿದವರು. ನನ್ನ ಶಿಷ್ಯರಲ್ಲಿ ಬಿ.ಎಡ್. ಓದಿದವರಿಗೆ ಆ ಹೆಸರು ನೆನಪಿರಬೇಕು. ಕಲಿಕೆಯನ್ನು ಸಣ್ಣ ಸಣ್ಣ ಹೆಜ್ಜೆಗಳಾಗಿ ಒಡೆದು, ಪ್ರತಿ ಸರಿಹೆಜ್ಜೆಗೂ ಬಹುಮಾನ ನೀಡುವ ತತ್ತ್ವವೇ ಇಲ್ಲಿಯೂ ನಡೆಯಿತು. ರೋಗಿಯು ಬಾಯಲ್ಲಿ ಹಿಡಿದ ಉಪಕರಣದಿಂದ ಬೆಳಕಿನ ಚುಕ್ಕೆ ಬಿಟ್ಟು ವಸ್ತುವನ್ನು ತೋರಿಸಿದರೆ, ಕೋತಿ ಅದನ್ನು ತಂದುಕೊಡುತ್ತಿತ್ತು. ದೀಪ ಹಾಕುತ್ತಿತ್ತು, ಲೋಟಕ್ಕೆ ಹೀರುಕೊಳವೆ ಇಡುತ್ತಿತ್ತು. ಜೊತೆಗೆ ಒಂಟಿತನಕ್ಕೆ ಸಂಗಾತಿಯೂ ಆಯಿತು.

ಇದನ್ನು ಓದಿದಾಗ ಮನಸ್ಸು ತುಂಬಿಬರುವುದು ಸಹಜ. ಆದರೂ ಪ್ರಶ್ನೆಯೊಂದು ಉಳಿಯುತ್ತದೆ. ಕ್ಯಾಪುಚಿನ್ ದಕ್ಷಿಣ ಮತ್ತು ಮಧ್ಯ ಅಮೆರಿಕದ ಕಾಡುಗಳಲ್ಲಿ ಗುಂಪಾಗಿ ಬಾಳುವ ಜೀವಿ. ಅದನ್ನು ಸ್ವಜಾತಿಯಿಂದ ದೂರವಿಟ್ಟು ಮನುಷ್ಯರ ಮನೆಯಲ್ಲಿ ಬೆಳೆಸಬೇಕು. ಕಚ್ಚೀತೆಂಬ ಭಯದಿಂದ ಆರಂಭದ ವರ್ಷಗಳಲ್ಲಿ ಅದರ ಹಲ್ಲು ಕಿತ್ತದ್ದೂ ಉಂಟು. ಪಂಜರದಲ್ಲಿ 30 ವರ್ಷ ಮೀರಿ ಬದುಕಬಲ್ಲ ಪ್ರಾಣಿಗೆ ಇದು ಆಜೀವ ಊಳಿಗವಲ್ಲವೇ?

"ಎತ್ತಿನ ಕೊರಳಿಗೆ ನೊಗ ಹೂಡುವ ನಮಗೆ ಕೋತಿಯ ಮೇಲೇಕೆ ಈ ಕನಿಕರ?" ಎಂದು ನೀವು ಕೇಳಬಹುದು. ಎತ್ತು, ನಾಯಿಗಳು ಸಾವಿರಾರು ವರ್ಷಗಳಿಂದ ತಲೆಮಾರು ತಲೆಮಾರಾಗಿ ಮನುಷ್ಯನೊಡನೆ ಪಳಗಿ ಬಂದವು. ಕೋತಿಯಾದರೋ ಪ್ರತಿ ಜನ್ಮದಲ್ಲೂ ಕಾಡಿನದಾಗಿಯೇ ಹುಟ್ಟುತ್ತದೆ. ತರಬೇತಾದ ನಾಯಿ ಬಿದ್ದ ವಸ್ತುವನ್ನೂ ಎತ್ತಿಕೊಡುತ್ತದೆ, ಬಾಗಿಲನ್ನೂ ತೆರೆಯುತ್ತದೆ. ಅದಕ್ಕೆ ಮನುಷ್ಯನ ಮನೆಯೇ ಮನೆ.

2011ರಲ್ಲಿ ಜಾರಿಗೆ ಬಂದ ಅಮೆರಿಕದ ನಿಯಮಗಳು ಸಾರ್ವಜನಿಕ ಸ್ಥಳಗಳಲ್ಲಿ ಸೇವಾಪ್ರಾಣಿಯೆಂಬ ಮಾನ್ಯತೆಯನ್ನು ನಾಯಿಗೆ ಮಾತ್ರ ಕೊಟ್ಟು, ಗಿಡ್ಡ ತಳಿಯ ಕುದುರೆಗೆ ಪ್ರತ್ಯೇಕ ಅವಕಾಶವಿತ್ತವು. ಬಾಸ್ಟನ್ನಿನ ಸಂಸ್ಥೆಯೂ 2021ರಲ್ಲಿ ಕೋತಿಗಳನ್ನು ಕೊಡುವುದನ್ನು ನಿಲ್ಲಿಸಿ, ತಂತ್ರಜ್ಞಾನದ ನೆರವಿನತ್ತ ಹೊರಳಿತು. ಎರಡೂ ಸರಿಯೆಂದೇ ನನ್ನ ಅಭಿಪ್ರಾಯ. ದನಿ ಕೇಳಿ ದೀಪ ಹಾಕುವ ಯಂತ್ರಕ್ಕೆ ಹಲ್ಲು ಕೀಳಬೇಕಾಗಿಲ್ಲ.

ಆದರೆ ಕೋತಿಯನ್ನು ಬಿಡುಗಡೆ ಮಾಡಿದೆವೆಂದು ಬೀಗಿ, ಆ ರೋಗಿಯನ್ನು ಮರೆತರೆ ಅದು ಅರ್ಧ ಧರ್ಮ. ಅವರು ಬೇಡಿದ್ದು ಕೋತಿಯನ್ನಲ್ಲ. ಯಾರನ್ನೂ ಅಂಗಲಾಚದೆ ಒಂದು ಗುಟುಕು ನೀರು ಕುಡಿಯುವ ಸ್ವಾತಂತ್ರ್ಯವನ್ನು. ಅದನ್ನು ಒದಗಿಸುವ ಹೊಣೆ ಮೂಕಪ್ರಾಣಿಯದಲ್ಲ, ಸಮಾಜದ್ದು, ಅಂದರೆ ನಮ್ಮದು.