ವ್ಯಸನಕ್ಕೆ ಬೆತ್ತ ಮದ್ದಲ್ಲ



ಬಸ್ ನಿಲ್ದಾಣದ ಗೋಡೆ, ಆಟೊ ಹಿಂಬದಿ, ಮೊಬೈಲು, ಎಲ್ಲಿ ನೋಡಿದರೂ ‘ಕುಡಿತ ಬಿಡಿಸುತ್ತೇವೆ, ಮನೆಯಿಂದ ನಾವೇ ಕರೆದೊಯ್ಯುತ್ತೇವೆ’ ಎಂಬ ಜಾಹೀರಾತು. ನಸುಕಿನಲ್ಲಿ ನಾಲ್ಕು ಜನ ಬಂದು ಕೈಕಾಲು ಹಿಡಿದು ವ್ಯಾನಿಗೆ ತುಂಬುವುದಕ್ಕೂ ಕೆಲವೆಡೆ ಕರೆದೊಯ್ಯುವುದು ಎಂದೇ ಹೆಸರು. ಎಲ್ಲ ವ್ಯಸನಮುಕ್ತಿ ಕೇಂದ್ರಗಳೂ ಹಾಗಿಲ್ಲ, ನಿಜ. ಆದರೆ ಕೂಡಿಹಾಕಿ ಹೊಡೆಯುವ ಕೇಂದ್ರಗಳ ಸುದ್ದಿ ಹೊರಬಿದ್ದಾಗಷ್ಟೇ ದಾಳಿ ನಡೆಸಿ, ಮರುವಾರ ಮರೆತುಬಿಡುವ ಆಡಳಿತದ ವೈಖರಿಗೆ ನನ್ನ ಆಕ್ಷೇಪವಿದೆ.

ಕಾನೂನು ಇಲ್ಲವೆಂದಲ್ಲ. ಮದ್ಯ, ಮಾದಕ ವಸ್ತುಗಳ ದುರ್ಬಳಕೆಯಿಂದಾಗುವ ಮಾನಸಿಕ ತೊಂದರೆಗಳೂ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ. ಸರಪಳಿ ಬಿಗಿಯುವುದು, ಬಲವಂತವಾಗಿ ತಲೆ ಬೋಳಿಸುವುದು ಅದರ ಪ್ರಕಾರ ನಿಷಿದ್ಧ. ಸ್ವಂತ ಒಪ್ಪಿಗೆಯಿಲ್ಲದೆ ದಾಖಲಿಸಬೇಕಾದರೆ ಮನೋವೈದ್ಯರೂ ಸೇರಿ ಇಬ್ಬರು ಪ್ರತ್ಯೇಕವಾಗಿ ಪರೀಕ್ಷಿಸಿರಬೇಕು. ಆ ದಾಖಲಾತಿಯೂ ಮೊದಲಿಗೆ 30 ದಿನ ಮೀರುವಂತಿಲ್ಲ. 2001ರಲ್ಲಿ ತಮಿಳುನಾಡಿನ ಎರ್ವಾಡಿಯಲ್ಲಿ ಸರಪಳಿಯಲ್ಲಿದ್ದ 28 ಮಂದಿ ಮಾನಸಿಕ ಅಸ್ವಸ್ಥರು ಓಡಲಾಗದೆ ಬೆಂಕಿಗೆ ಬಲಿಯಾದರು. ಅಂಥ ದುರಂತ ಕಂಡ ಮೇಲೂ ನಾವು ಎಚ್ಚೆತ್ತುಕೊಳ್ಳಬಾರದೇ?

ನಾನು ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು. ವರ್ಷಗಟ್ಟಲೆ ದಿನವೂ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಮೊದಲ ದಿನವೇ ಕೈ ನಡುಕ, ಬೆವರು ಶುರುವಾಗುತ್ತದೆ. ಎರಡು ದಿನಗಳೊಳಗೆ ಫಿಟ್ಸ್ ಬರಬಹುದು. ಮೂರನೇ ದಿನದ ಹೊತ್ತಿಗೆ ಕೆಲವರಿಗೆ ಸನ್ನಿ ಹಿಡಿಯುತ್ತದೆ. ಕೇಂದ್ರವೊಂದರಿಂದ ಇದೇ ಸ್ಥಿತಿಯಲ್ಲಿ ಬಂದ ಗಾರೆ ಕೆಲಸದವರೊಬ್ಬರು, ಹೊದಿಕೆಯ ಮೇಲೆ ಇಲ್ಲದ ಇರುವೆಗಳನ್ನು ಒಂದೊಂದಾಗಿ ಹೆಕ್ಕಿ ಎಸೆಯುತ್ತಿದ್ದರು. ಬೆನ್ನ ಮೇಲೆ ಬಾಸುಂಡೆ. ‘ನಾಟಕ ಆಡ್ತಿದ್ದ ಸಿಸ್ಟರ್, ಅದಕ್ಕೇ ಎರಡು ಬಿಟ್ವಿ’ ಎಂದ ಕರೆತಂದವನು. ಅವರಿಗೆ ಬೇಕಿದ್ದದ್ದು ಥಯಾಮಿನ್ ಇಂಜೆಕ್ಷನ್, ಫಿಟ್ಸ್ ತಡೆಯುವ ಔಷಧ, ಬೆಳಕಿರುವ ಕೋಣೆ, ಪಕ್ಕದಲ್ಲಿ ಮನೆಯವರು ಯಾರಾದರೂ. ಈ ಹಂತದಲ್ಲಿ ವೈದ್ಯರಿಲ್ಲದೆಡೆ ಕೂಡಿಹಾಕಿದರೆ ಜೀವವೇ ಹೋದೀತು.

ಕುಡಿಯುವವನಿಗೆ ಬುದ್ಧಿ ಹೇಳುವವರು ಬೇಕಾದಷ್ಟು ಮಂದಿ. ಕುಡಿತ ಯಾವಾಗ ಶುರುವಾಯಿತು, ಆಗ ಏನಾಗಿತ್ತು ಎಂದು ಕೇಳುವವರು ಕಡಿಮೆ. ಬಾಲ್ಯದಲ್ಲಿ ಹಿಂಸೆ, ಮನೆಯ ಕಲಹದಂಥ ನಾಲ್ಕು ಅಥವಾ ಹೆಚ್ಚು ಬಗೆಯ ನೋವುಂಡವರಿಗೆ ಮದ್ಯ-ಮಾದಕ ವ್ಯಸನ, ಖಿನ್ನತೆ, ಆತ್ಮಹತ್ಯಾ ಯತ್ನದ ಅಪಾಯ 4ರಿಂದ 12 ಪಟ್ಟು ಹೆಚ್ಚೆಂದು 1998ರ ಅಮೆರಿಕದ ಅಧ್ಯಯನವೊಂದು ತೋರಿಸಿತು. ಏಟು ತಿಂದೇ ಬೆಳೆದವನಿಗೆ ಚಿಕಿತ್ಸೆಯ ಹೆಸರಿನಲ್ಲಿ ಮತ್ತೆ ಏಟು ಕೊಟ್ಟರೆ ಆಗುವುದು ಇಷ್ಟೇ: ಮುಂದೆ ಆಸ್ಪತ್ರೆಯೆಂದರೂ ಹೆದರುತ್ತಾನೆ.

ಹಾಗೆಂದು ಮನೆಯವರನ್ನು ದೂರುವಂತಿಲ್ಲ. ಗಂಡನ ಹೊಡೆತ ತಿಂದು, ತಾಳಿಯನ್ನೂ ಅಡವಿಟ್ಟ ಹೆಂಗಸು ಆ ಜಾಹೀರಾತಿನ ನಂಬರಿಗಲ್ಲದೆ ಇನ್ನೆಲ್ಲಿಗೆ ಕರೆ ಮಾಡಬೇಕು? ಆಕೆಗೂ ಮಕ್ಕಳಿಗೂ ರಕ್ಷಣೆ ಬೇಕು, ಆಪ್ತಸಮಾಲೋಚನೆ ಬೇಕು. ಇದನ್ನು ಸರ್ಕಾರವೇ ಒದಗಿಸಬೇಕು. ಜಿಲ್ಲಾ ಮಟ್ಟದ ಮಾನಸಿಕ ಆರೋಗ್ಯ ಸೇವೆಗೆ 1980ರ ದಶಕದಲ್ಲೇ ದೇಶಕ್ಕೆ ‘ಬಳ್ಳಾರಿ ಮಾದರಿ’ ಕೊಟ್ಟ ರಾಜ್ಯ ನಮ್ಮದು. ರಾಜ್ಯ ಸರ್ಕಾರದ ‘ಮನೋಚೈತನ್ಯ’ ಕಾರ್ಯಕ್ರಮದಡಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ವ್ಯವಸ್ಥೆ ಒಳ್ಳೆಯದೇ, ಆದರೆ ಸನ್ನಿ ಮಂಗಳವಾರಕ್ಕೆ ಕಾಯುವುದಿಲ್ಲ. ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲೂ ಕುಡಿತ ಬಿಡುವವರ ಚಿಕಿತ್ಸೆಗೆಂದೇ ಕೆಲವು ಹಾಸಿಗೆ, ತರಬೇತಿ ಪಡೆದ ಸಿಬ್ಬಂದಿ ಇರಲಿ. ನೋಂದಾಯಿತ ಕೇಂದ್ರಗಳ ಪಟ್ಟಿಯನ್ನು ಜಿಲ್ಲಾಡಳಿತ ಪ್ರಕಟಿಸಲಿ, ದಿಢೀರ್ ತಪಾಸಣೆ ನಡೆಸಲಿ.

ಮನೆಯವರಲ್ಲಿ ನನ್ನದೊಂದು ವಿನಂತಿ. ಮುಂಗಡ ಕಟ್ಟುವ ಮೊದಲು ಮೂರು ಪ್ರಶ್ನೆ ಕೇಳಿ: ನೋಂದಣಿ ಸಂಖ್ಯೆ ಯಾವುದು? ವೈದ್ಯರು ಯಾವಾಗ ನೋಡುತ್ತಾರೆ? ನಾವು ಬೇಕೆಂದಾಗ ಭೇಟಿ ಮಾಡಬಹುದೇ? ನೇರ ಉತ್ತರ ಸಿಗದಿದ್ದರೆ ಕಳುಹಿಸಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಉಚಿತವಾಗಿ ಕನ್ನಡದಲ್ಲೇ ಸಲಹೆ ಸಿಗುತ್ತದೆ.

– ನಿವೃತ್ತ ನರ್ಸ್, ತುಮಕೂರು