ಹಾಡು ನಿಂತ ಮೇಲೂ ಉರಿಯುವ ಕೆಂಪು ದೀಪ

ನಮ್ಮೂರಿನ ಭಜನಾ ಮಂಡಳಿಯ ಕೋಣೆಯಲ್ಲಿ ಒಂದು ಹಳೆಯ ಆಂಪ್ಲಿಫೈಯರ್ ಇದೆ. ವಾರಕ್ಕೊಮ್ಮೆ, ಶನಿವಾರ ಸಂಜೆ ಎರಡು ತಾಸು ಮಾತ್ರ ಅದಕ್ಕೆ ಕೆಲಸ. ಉಳಿದ ಹೊತ್ತಿನಲ್ಲಿಯೂ ಅದರ ಕೆಂಪು ದೀಪ ಉರಿಯುತ್ತಲೇ ಇರುತ್ತದೆ. ಕಿವಿಗೊಟ್ಟರೆ ಧ್ವನಿವರ್ಧಕದೊಳಗಿಂದ ಸಣ್ಣ ಗುಂಯ್ ಎಂಬ ಸದ್ದು ಕೇಳುತ್ತದೆ. ಏಕೆ ಆರಿಸುವುದಿಲ್ಲವೆಂದು ಕೇಳಿದಾಗ ಮಂಡಳಿಯ ಹಿರಿಯರೊಬ್ಬರು, "ಆರಿಸಿಟ್ಟರೆ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ ಮಾರಾಯ್ರೆ, ಬೆಚ್ಚಗಿದ್ದರೇ ಅದು ಬದುಕುವುದು" ಎಂದರು.

ಈ ಮಾತನ್ನು ಅಜ್ಞಾನವೆಂದು ತಳ್ಳಿಹಾಕಲು ನಾನು ಸಿದ್ಧನಿಲ್ಲ. ಗಾಳಿಯ ಉಷ್ಣತೆ ಸುಮಾರು 10 ಡಿಗ್ರಿ ಸೆಲ್ಸಿಯಸ್ ಏರಿದರೆ ಅದರ ಸಾಪೇಕ್ಷ ಆರ್ದ್ರತೆ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಆಷಾಢದ ಗಾಳಿಯಲ್ಲಿ ಚರ್ಮದ ಚಪ್ಪಲಿಗೂ ಪುಸ್ತಕಕ್ಕೂ ಬೂಷ್ಟು ಬರುವ ನಮ್ಮ ಸೀಮೆಯಲ್ಲಿ, ಬೆಚ್ಚಗಿರುವ ಪೆಟ್ಟಿಗೆಯ ಒಳಗು ಒಣಗಿರುವುದು ನಿಜ. ನಮ್ಮ ಅಜ್ಜಿಯಂದಿರು ಒಲೆಯ ಮೇಲಿನ ಅಟ್ಟದಲ್ಲಿ ಬೀಜ ಕಾಪಾಡಿದ್ದೂ ಇದೇ ತತ್ತ್ವದಿಂದ.

ಸಂಗೀತಪ್ರಿಯರು ಇನ್ನೂ ಎರಡು ಕಾರಣಗಳನ್ನು ಮುಂದಿಡುತ್ತಾರೆ. ಪದೇ ಪದೇ ಕಾಯುವುದು, ತಣಿಯುವುದು ಬೆಸುಗೆಗಳನ್ನು ಸಡಿಲಿಸುತ್ತದೆ ಎಂಬುದು ಒಂದು. ಯಂತ್ರ ಕಾದ ಮೇಲೆಯೇ ನಾದ ಸರಿಬರುತ್ತದೆ ಎಂಬುದು ಇನ್ನೊಂದು. ಎರಡರಲ್ಲಿಯೂ ಸತ್ಯಾಂಶವಿದೆ. ಆದರೆ ಒಳಗಿರುವ ಎಲೆಕ್ಟ್ರೋಲಿಟಿಕ್ ಕೆಪಾಸಿಟರುಗಳ ಲೆಕ್ಕ ಬೇರೆಯೇ ಇದೆ: ಉಷ್ಣತೆ 10 ಡಿಗ್ರಿ ಏರಿದಂತೆ ಅವುಗಳ ಆಯುಸ್ಸು ಸುಮಾರು ಅರ್ಧಕ್ಕಿಳಿಯುತ್ತದೆ. ವಾಲ್ವ್ ಇರುವ ಆಂಪ್ಲಿಫೈಯರ್ ಆದರಂತೂ ಅದರ ಪವರ್ ವಾಲ್ವಿನ ಬಾಳಿಕೆ ಕೆಲವು ಸಾವಿರ ತಾಸು ಮಾತ್ರ. ವರ್ಷಕ್ಕಿರುವುದು 8760 ತಾಸು. ಕಾದ ಮೇಲಿನ ನಾದವೇ ಬೇಕೆನ್ನುವವರು ಅರ್ಧ ತಾಸು ಮೊದಲು ಸ್ವಿಚ್ ಹಾಕಿದರಾಯಿತು.

ಈಗ ವಿದ್ಯುತ್ತಿನ ಲೆಕ್ಕ ನೋಡೋಣ. ಕ್ಲಾಸ್ ಎಬಿ ಎಂಬ ಹಳೆಯ ವಿನ್ಯಾಸದ ಆಂಪ್ಲಿಫೈಯರು ಸುಮ್ಮನಿದ್ದಾಗಲೂ ಸಾಮಾನ್ಯವಾಗಿ 20ರಿಂದ 60 ವಾಟ್ ಹೀರುತ್ತದೆ. (ಕ್ಲಾಸ್ ಡಿ ಎಂಬ ಇತ್ತೀಚಿನ ವಿನ್ಯಾಸದವು ಕೆಲವೇ ವಾಟ್‌ಗಳಲ್ಲಿ ತೃಪ್ತಿಪಡುತ್ತವೆ, ಕ್ಲಾಸ್ ಎ ಎಂಬುದಕ್ಕಂತೂ ಮೌನಕ್ಕೂ ಹಾಡಿಗೂ ಒಂದೇ ಖರ್ಚು.) 40 ವಾಟ್ ಎಂದಿಟ್ಟುಕೊಂಡರೆ, ವಾರದ 168 ತಾಸುಗಳಲ್ಲಿ ಭಜನೆಯ ಎರಡನ್ನು ಕಳೆದು ಉಳಿದ 166 ತಾಸಿಗೆ 6.6 ಯೂನಿಟ್, ವರ್ಷಕ್ಕೆ ಸುಮಾರು 345 ಯೂನಿಟ್. ನಮ್ಮಲ್ಲಿ ಕರೆಂಟು ಹೋಗುವ ತಾಸುಗಳನ್ನು ಕಳೆದರೆ ಒಂದಿಷ್ಟು ಕಡಿಮೆಯಾದೀತು, ಅಷ್ಟೆ. ಇನ್ವರ್ಟರಿಗೆ ಜೋಡಿಸಿದ್ದರೆ ಅದೂ ಕಡಿಮೆಯಾಗದು, ಬ್ಯಾಟರಿ ಬೇಗ ಸಾಯುತ್ತದೆ.

ಒಂದು ಯೂನಿಟ್ಟೆಂದರೆ ಎಷ್ಟು ನೀರು? ಶರಾವತಿ ಕಣಿವೆಯ 1035 ಮೆಗಾವಾಟ್ ವಿದ್ಯುದಾಗಾರಕ್ಕೆ ನೀರು ನಾಲ್ಕುನೂರು ಮೀಟರಿಗೂ ಹೆಚ್ಚು ಎತ್ತರದಿಂದ ಧುಮುಕುತ್ತದೆ. ಅಷ್ಟು ಎತ್ತರದಿಂದ ಸುಮಾರು ಒಂದು ಸಾವಿರ ಲೀಟರ್ ಬಿದ್ದರೆ ಒಂದು ಯೂನಿಟ್. ತೋಟದ ಹಳ್ಳಕ್ಕೆ ಪುಟ್ಟ ಟರ್ಬೈನ್ ಕೂರಿಸಿಕೊಂಡವರಿಗೆ ಇದು ಇನ್ನೂ ಚೆನ್ನಾಗಿ ಅರ್ಥವಾದೀತು: 20 ಮೀಟರ್ ಎತ್ತರ, ಅರ್ಧದಷ್ಟು ದಕ್ಷತೆ ಎಂದರೆ ಒಂದು ಯೂನಿಟ್ಟಿಗೆ ಸುಮಾರು 37,000 ಲೀಟರ್ ಬೇಕು. ನಮ್ಮ ತಂತಿಗಳಲ್ಲಿ ಬರುವುದೆಲ್ಲ ಶರಾವತಿಯದೇ ಅಲ್ಲ, ರಾಯಚೂರಿನ ಕಲ್ಲಿದ್ದಲಿನದೂ ಇದೆ. ಆಗ ನೀರಿನ ಬದಲು ಹೊಗೆಯ ಲೆಕ್ಕ ಬರೆಯಬೇಕಾಗುತ್ತದೆ.

1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿಯ ನೀರಿಗೆ ಊರು ಬಿಟ್ಟವರ ಮಕ್ಕಳು ಮೊಮ್ಮಕ್ಕಳಲ್ಲಿ ಅನೇಕರು ಇಂದಿಗೂ ಹಕ್ಕುಪತ್ರಕ್ಕಾಗಿ ಕಚೇರಿಗಳಿಗೆ ಅಲೆಯುತ್ತಿದ್ದಾರೆ. ಇದು ಸಾಲದೆಂಬಂತೆ ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ, ಸಿಂಗಳೀಕಗಳ ಕಾಡಿನಲ್ಲಿ, 2000 ಮೆಗಾವಾಟ್‌ನ ಭೂಗತ ಯೋಜನೆಯನ್ನು ಮುಂದಿಡಲಾಗಿದೆ. ಸಂಜೆಯ ಬೇಡಿಕೆ ಏರಿದೆ ಎಂಬುದೇ ಅದಕ್ಕೆ ಕೊಡುವ ಮುಖ್ಯ ಸಮರ್ಥನೆ. ಆ ಯೋಜನೆಯನ್ನು ವಿರೋಧಿಸಿ ಮನವಿಗೆ ಸಹಿ ಹಾಕಿದವರ ಮನೆಗಳಲ್ಲಿ, ನನ್ನ ಮನೆಯೂ ಸೇರಿದಂತೆ, ಸಂಜೆಯಲ್ಲಿ ಎಷ್ಟು ಕೆಂಪು ದೀಪಗಳು ಯಾರಿಗೂ ಬೇಡದೆ ಉರಿಯುತ್ತಿರುತ್ತವೆ! ಆಂಪ್ಲಿಫೈಯರ್ ಮಾತ್ರವಲ್ಲ, ಟಿವಿಯ ಸೆಟ್‌ಟಾಪ್ ಪೆಟ್ಟಿಗೆಯೂ ರಿಮೋಟಿನಿಂದ ಆರಿಸಿದ ಮೇಲೆ ಹೆಚ್ಚುಕಡಿಮೆ ಮೊದಲಿನಷ್ಟೇ ವಿದ್ಯುತ್ ಕುಡಿಯುತ್ತಿರುತ್ತದೆ. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಬಿಲ್ಲಿನಲ್ಲಿ ಸೊನ್ನೆ ಕಾಣುವುದರಿಂದ ಈ ಸೋರಿಕೆ ಕಣ್ಣಿಗೇ ಬೀಳದಾಗಿದೆ. ಬಡವರ ಮನೆಗೆ ಬೆಳಕು ಕೊಟ್ಟ ಯೋಜನೆಯನ್ನು ನಾನು ಹಳಿಯುತ್ತಿಲ್ಲ. ಮೀಟರು ಓದುವ ಅಭ್ಯಾಸ ತಪ್ಪಿತೆಂಬುದಷ್ಟೇ ನನ್ನ ತಕರಾರು.

ಇನ್ನು ಸಿಡಿಲು. 2014ರ ಏಪ್ರಿಲಿನ ಒಂದು ಸಂಜೆ ನಾನು ತೋಟದಲ್ಲಿದ್ದಾಗ ಬಡಿದ ಸಿಡಿಲಿಗೆ ಮನೆಯ ಆಂಪ್ಲಿಫೈಯರಿನ ಟ್ರಾನ್ಸ್‌ಫಾರ್ಮರ್ ಸುಟ್ಟು ಕರಿಕಾಯಿತು. ಅದನ್ನೂ ನಾನು 'ಬೆಚ್ಚಗಿರಲಿ' ಎಂದೇ ಹಾಕಿಟ್ಟಿದ್ದೆ. ಸ್ವಿಚ್ ಆರಿಸಿದ್ದರೂ ಅದು ಉಳಿಯುತ್ತಿರಲಿಲ್ಲವೇನೋ, ಏಕೆಂದರೆ ಗೋಡೆಯ ಸ್ವಿಚ್ಚು ಫೇಸ್ ತಂತಿಯನ್ನಷ್ಟೇ ಕಡಿಯುತ್ತದೆ, ನ್ಯೂಟ್ರಲ್ ಹಾಗೆಯೇ ಇರುತ್ತದೆ. ಪ್ಲಗ್ಗನ್ನೇ ಕೀಳಬೇಕು. ಹೊರಗಿನಿಂದ ಬರುವ ಡಿಶ್‌ನ ಕೇಬಲ್ಲನ್ನೂ ಬಿಡಿಸಬೇಕು.

ಹಾಗಾದರೆ ಬೂಷ್ಟಿಗೇನು ಉಪಾಯ? ಬೀಜ ಸಂಗ್ರಹಿಸುವವರು ಬಳಸುವ ಸಿಲಿಕಾ ಜೆಲ್ ಸಾಕು. ತಣಿದ ಪೆಟ್ಟಿಗೆಗೆ ದಪ್ಪ ಪ್ಲಾಸ್ಟಿಕ್ ಹೊದಿಸಿ, ಒಳಗೆ ಆ ಹರಳುಗಳ ಬಟ್ಟೆಚೀಲವಿಟ್ಟು ಬಾಯಿ ಕಟ್ಟಬೇಕು. ತೇವ ಹೀರಿ ಬಣ್ಣ ಬದಲಾದ ಹರಳುಗಳನ್ನು ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಬಿಸಿಮಾಡಿದರೆ ಮತ್ತೆ ಬಳಸಬಹುದು; ಆ ಬಾಣಲೆ ಅಡುಗೆಗೆ ಬೇಡ. ಜಡಿಮಳೆಯ ದಿನಗಳಲ್ಲಿ ಎರಡು ಮೂರು ದಿನಕ್ಕೊಮ್ಮೆ, ಗುಡುಗಿಲ್ಲದ ಹೊತ್ತು ನೋಡಿ, ಹೊದಿಕೆ ತೆಗೆದು ಅರ್ಧ ತಾಸು ಹಾಡು ಹಾಕಿ. ಅದಕ್ಕೆ ತಗಲುವುದು ಒಂದು ಯೂನಿಟ್ಟಿನ ಐವತ್ತನೆಯ ಒಂದು ಪಾಲು.

ಭಜನಾ ಮಂಡಳಿಯ ಹಿರಿಯರಿಗೆ ಇದನ್ನೆಲ್ಲ ಹೇಳಿದೆ. ಅವರು ಪೂರ್ತಿ ಒಪ್ಪಲಿಲ್ಲ. ಆದರೂ ಕಳೆದ ಶನಿವಾರ ಮಂಗಳಾರತಿಯ ನಂತರ ತಾವೇ ಪ್ಲಗ್ ಕಿತ್ತು, ಚೀಲವನ್ನು ಒಳಗಿಟ್ಟು ಕಟ್ಟಿದರು. ದೀಪಾವಳಿಗೆ ಪೆಟ್ಟಿಗೆ ಬಿಚ್ಚಿ ನೋಡುವುದೆಂದು ಮಾತಾಗಿದೆ.