ವೇದಿಕೆಗೆ ಬಾರದ ಲೆಕ್ಕ

ಸುವರ್ಣ ಮಹೋತ್ಸವದಲ್ಲಿ ಮೊದಲ ಯತ್ನದಲ್ಲೇ ಗೆದ್ದವರಿಗೆ ಮಾತ್ರ ಶಾಲು ಹೊದಿಸುವುದು ನನಗೆ ಸಮ್ಮತವಲ್ಲ. ಅಕ್ಕಲಕೋಟದ ನಮ್ಮ ಶಾಲೆಯಲ್ಲಿ ಕನ್ನಡದಲ್ಲೇ ಗಣಿತ ಕಲಿತು, ಸೊಲ್ಲಾಪುರದ ಲೆಕ್ಕಪರಿಶೋಧಕರೊಬ್ಬರ ಕಚೇರಿಯಲ್ಲಿ ದುಡಿಯುತ್ತ ಓದಿದ ಶಿಷ್ಯನೊಬ್ಬ ಸಿ.ಎ. ಅಂತಿಮ ಪರೀಕ್ಷೆಯಲ್ಲಿ ಐದು ಬಾರಿ ಅನುತ್ತೀರ್ಣನಾದ. ಆ ಪರೀಕ್ಷೆಯ ಕಟ್ಟಳೆ ಕಠಿಣ: ಪ್ರತಿ ಪತ್ರಿಕೆಯಲ್ಲಿ ಶೇಕಡಾ 40 ಬಂದರೆ ಸಾಲದು, ಗುಂಪಿನ ಒಟ್ಟು ಅಂಕ ಶೇಕಡಾ 50 ಮುಟ್ಟಬೇಕು. ಎಲ್ಲ ಪತ್ರಿಕೆಗಳಲ್ಲಿ ಪಾಸಾಗಿಯೂ ನಾಪಾಸಾಗಬಹುದು! ಉತ್ತರ ಬರೆಯಲು ಇಂಗ್ಲಿಷ್ ಇಲ್ಲವೆ ಹಿಂದಿ, ಕನ್ನಡಕ್ಕೆ ಎಡೆಯಿಲ್ಲ. ಅವನಿಗೆ ಲೆಕ್ಕಕ್ಕಿಂತ ಭಾಷೆಯೇ ತೊಡಕಾಯಿತು. ಮೂರನೆಯ ಸೋಲಿನ ಬಳಿಕ, "ಸಾಕ್ ಮಾಡೋ ತಮ್ಮಾ, ಎಲ್ಲ್ಯಾರ ಕಾರಕೂನಿಕಿ ನೋಡ್ಕೋ" ಎಂದವನು ನಾನೇ. ಅವನು ಕೇಳಲಿಲ್ಲ, ಒಂದೊಂದು ಉತ್ತರವನ್ನೂ ಇಂಗ್ಲಿಷಿನಲ್ಲಿ ಮತ್ತೆ ಮತ್ತೆ ಬರೆದು, ಆರನೆಯ ಬಾರಿ ತೇರ್ಗಡೆಯಾದ. ಅವನನ್ನು ವೇದಿಕೆಗೆ ಕರೆಯಿರಿ. ಆ ಐದು ಸೋಲುಗಳನ್ನು ಮಕ್ಕಳಿಗೆ ಅವನೇ ಹೇಳಲಿ. ನನ್ನ ಬುದ್ಧಿವಾದವನ್ನೂ ಮುಚ್ಚಿಡದೆ ಹೇಳಲಿ.